ಕಣ್ಣು ಮುಚ್ಚಿದ ಫೋಟೋಗಳು

ನಿಪ್ಪಾಣಿಯ ಸ್ಟುಡಿಯೋದಿಂದ ಮೊದಲ ಫೋನ್ ಬಂದಾಗ ನಾನು ಕಾಗವಾಡದ ಒಂದು ಶಾಲೆಯಲ್ಲಿ ಮೇಜಿನ ಕೆಳಗೆ ತೂರಿಕೊಂಡು, ಇಲಿ ಕಡಿದ ಕೇಬಲ್ ಬದಲಿಸುತ್ತಿದ್ದೆ.

"ತಮ್ಮಾ, ನೀ ಇಟ್ಟ ಹೋದ ಡಬ್ಬಿ ಒದರಾಕತ್ತೇತಿ ನೋಡು. ಮುಂಜಾನಿಂದ ಒಂದ ಸಮನ ಕೀಂವ್ ಕೀಂವ್ ಅನ್ನಾಕತ್ತೇತಿ. ಬಂದ ಗಿರಾಕಿ ಗಾಬರಿ ಆಗಾಕತ್ತಾರ."

ಮಾತಾಡಿದವರು ಸ್ಟುಡಿಯೋ ಮಾಲೀಕರು. ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಆದರೂ ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ವಯಸ್ಸು ಅರವತ್ತೈದರ ಮೇಲೆ. ಕುಂಚದಿಂದ ಫೋಟೋ ತಿದ್ದುವ ಕಾಲದಿಂದ ಹಿಡಿದು ಇವತ್ತಿನವರೆಗೆ ಅದೇ ಅಂಗಡಿಯಲ್ಲಿ ಕೂತವರು. ಅವರು ಡಬ್ಬಿ ಎಂದದ್ದು ನಾನೇ ತಂದು ಕೂರಿಸಿದ ಫೈಲ್ ಸರ್ವರ್. ಅದರೊಳಗೆ ನಾಲ್ಕು ಡಿಸ್ಕುಗಳು. ಸ್ಟುಡಿಯೋದ ಮೂರೂ ಕಂಪ್ಯೂಟರುಗಳು ವೈರಿನಲ್ಲಿ ಅದಕ್ಕೆ ಜೋಡಣೆಯಾಗಿದ್ದವು. ಇಪ್ಪತ್ತು ವರ್ಷ ತೆಗೆದ ಫೋಟೋಗಳೆಲ್ಲ ಅದರ ಹೊಟ್ಟೆಯಲ್ಲೇ ಇದ್ದವು.

ಡಬ್ಬಿ ಯಾಕೆ ಒದರುತ್ತಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಾಲ್ಕರಲ್ಲಿ ಒಂದು ಡಿಸ್ಕ್ ಸತ್ತಿದೆ. ಒಂದು ಸತ್ತರೆ ಚಿಂತೆಯಿಲ್ಲ, ಉಳಿದ ಮೂರು ಸೇರಿ ಅದರ ಪಾಲಿನದನ್ನೂ ತುಂಬಿ ಕೊಡುತ್ತವೆ. ಮಾರುವಾಗ ಈ ಗುಣವನ್ನೇ ಎದೆಯುಬ್ಬಿಸಿ ಹೇಳಿದ್ದೆ. ಆದರೆ ಸತ್ತದ್ದನ್ನು ಬದಲಿಸುವ ಮೊದಲೇ ಇನ್ನೊಂದು ಕೈಕೊಟ್ಟರೆ ಎಲ್ಲವೂ ಹೋದ ಹಾಗೆ. ಬೇಗ ಬಾ ಎಂದು ಕರೆಯುವುದಕ್ಕೇ ಅದು ಒದರುವುದು.

"ಹಿಂದ ಒಂದ ಸಣ್ಣ ಗುಂಡಿ ಐತಿ ನೋಡ್ರಿ ಕಾಕಾ," ಎಂದೆ. "ಅದನ್ನ ಒತ್ರಿ, ಸುಮ್ಮನಾಗತೈತಿ. ನಾ ನಾಳಿ ಬಂದ ನೋಡ್ತೀನಿ."

ಅವರು ಒತ್ತಿದರು. ಫೋನಿನಲ್ಲೇ ಸದ್ದು ನಿಂತದ್ದು ಕೇಳಿಸಿತು. ನನಗೆ ಹಾಯೆನಿಸಿತು, ಅದನ್ನು ಮುಚ್ಚಿಡುವುದಿಲ್ಲ.

ಆ ನಾಳೆ ಎರಡು ತಿಂಗಳಾದರೂ ಬರಲಿಲ್ಲ. ಕಾರಣಗಳಿಗೇನು ಬರ, ರಾಯಬಾಗದ ದವಾಖಾನೆಯಲ್ಲಿ ಪ್ರಿಂಟರ್ ಕೆಟ್ಟಿತ್ತು, ಚಿಕ್ಕೋಡಿಯ ನನ್ನ ಅಂಗಡಿಯಲ್ಲಿ ರಿಪೇರಿಗೆ ಬಂದ ಕಂಪ್ಯೂಟರುಗಳು ಸಾಲುಗಟ್ಟಿದ್ದವು, ಹೆಂಡತಿಯ ತಂಗಿಯ ಮದುವೆಯಿತ್ತು. ಇವೆಲ್ಲ ನಿಜ. ಆದರೆ ಆ ನಡುವೆ ಒಂದು ಭಾನುವಾರ ನಾನು ನಿಪ್ಪಾಣಿಗೇ ಹೋಗಿದ್ದೆ. ಸ್ಟುಡಿಯೋದಿಂದ ಎರಡು ಓಣಿಯಾಚೆಗಿನ ಹೋಟೆಲಿನಲ್ಲಿ ಕೂತು ಮಿಸಳ್ ತಿಂದೆ, ಮೇಲೆ ಸುರಿಯುವ ಖಾರದ ರಸ, ಕಟ್, ಸಾಲದೆಂದು ಇನ್ನೊಮ್ಮೆ ಹಾಕಿಸಿಕೊಂಡೆ. ಕಾಕಾನ ಅಂಗಡಿ ನೆನಪಾಯಿತು. ಒಳಗೆ ಹೊಕ್ಕರೆ ಎರಡು ತಾಸು ಹೋಗುತ್ತದೆ, ಮೇಲೆ ಅವರ ಹಳೆಯ ಕತೆಗಳು ಬೇರೆ. ಬೈಕು ಹತ್ತಿ ಚಿಕ್ಕೋಡಿಗೆ ವಾಪಸು ಬಂದೆ. ಈಗಲೂ ಯಾರಾದರೂ ಮಿಸಳ್ ಎಂದರೆ ನನ್ನ ಬಾಯಿ ಒಣಗುತ್ತದೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಸರ್ವರ್ ತರುವ ಮೊದಲು ಸ್ಟುಡಿಯೋದ ಎರಡು ಕಪಾಟುಗಳ ತುಂಬ ಸೀಡಿಗಳಿದ್ದವು. ಒಂದೊಂದರ ಮೇಲೂ ಕಾಕಾನ ದುಂಡನೆಯ ಅಕ್ಷರದಲ್ಲಿ ಊರು, ಮನೆತನ, ಕಾರ್ಯ. ಅವುಗಳನ್ನೆಲ್ಲ ಸರ್ವರಿಗೆ ತುಂಬಿಸಲು ನನಗೆ ಮೂರು ವಾರ ಹಿಡಿಯಿತು. ಮುಗಿದ ಮೇಲೆ ಅವರು ಸೀಡಿಗಳನ್ನು ಮತ್ತೆ ಕಪಾಟಿಗೇ ಜೋಡಿಸಲು ಹೊರಟರು.

"ಇವನ್ಯಾಕ ಇಟಗೊಂಡ ಕುಂಡರ್ತೀರಿ ಕಾಕಾ? ಒಗೀರಿ. ಇನ್ನ ಎಲ್ಲಾ ಇದರಾಗ ಭದ್ರ ಇರ್ತಾವು."

ಅವರಿಗೆ ಮನಸ್ಸಿರಲಿಲ್ಲ. ನಾನು ನಗಾಡಿದೆ, ಹಳೇ ಮಂದಿ ಎಂದು ಕಿಚಾಯಿಸಿದೆ. ಆ ವಾರ ಅಥಣಿ ಕಡೆಯ ಅವರ ಬೀಗರೊಬ್ಬರು ಬಂದಿದ್ದರು, ದ್ರಾಕ್ಷಿ ತೋಟದವರು. ಹಣ್ಣು ತಿನ್ನುವ ಹಕ್ಕಿಗಳನ್ನು ಬೆದರಿಸಲು ತೋಟದಲ್ಲಿ ಸೀಡಿ ಕಟ್ಟುವುದು ನಮ್ಮ ಕಡೆ ಇದ್ದದ್ದೇ. ಗಾಳಿಗೆ ತಿರುಗಿ ಮಿಂಚುತ್ತವೆ. ಅವರು ಎಲ್ಲವನ್ನೂ ಕೇಳಿ ಒಯ್ದರು. ಚೀಲಗಳನ್ನು ಜೀಪಿಗೆ ಎತ್ತಿ ಹಾಕಿದವನೂ ನಾನೇ.

ಎರಡು ತಿಂಗಳ ನಂತರ ಎರಡನೆಯ ಫೋನ್ ಬಂತು. "ತಮ್ಮಾ, ಯಾವ ಫೋಟೋನೂ ತೆರಿವಲ್ದು."

ಈ ಸಲ ಅರ್ಧ ತಾಸಿನಲ್ಲಿ ಹೋದೆ. ಡಬ್ಬಿಯ ಮುಂದೆ ಎರಡು ಕೆಂಪು ದೀಪಗಳು ಉರಿಯುತ್ತಿದ್ದವು. ಕಾಕಾ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಏನ್ ಆಗೇತೋ?"

"ಕರೆಂಟಿಂದ್ರಿ ಕಾಕಾ. ವೋಲ್ಟೇಜ್ ಹೆಚ್ಚಾಗಿ ಎರಡ ಡಿಸ್ಕ್ ಹೋಗ್ಯಾವು."

ನಮ್ಮಲ್ಲಿ ಕರೆಂಟಿನ ಮೇಲೆ ಏನನ್ನು ಹೇರಿದರೂ ಯಾರೂ ಮರುಪ್ರಶ್ನೆ ಮಾಡುವುದಿಲ್ಲ. ಕಾಕಾ ತಲೆಯಾಡಿಸಿದರು. ಡಬ್ಬಿ ಒದರಿದ್ದು, ನಾನು ಗುಂಡಿ ಒತ್ತಿಸಿದ್ದು, ನಾಳೆ ಬರುತ್ತೇನೆ ಎಂದದ್ದು, ಒಂದನ್ನೂ ಅವರು ಬಾಯಿಗೆ ತರಲಿಲ್ಲ. ಮರೆತಿದ್ದರೋ, ನನ್ನ ಮರ್ಯಾದೆ ಕಾಯ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ನಾನು ಸ್ಕ್ರೂ ಬಿಚ್ಚುತ್ತಿರುವಾಗ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಇಪ್ಪತ್ತೈದರ ಆಸುಪಾಸು. ಕೈಯಲ್ಲಿ ಬಟ್ಟೆಯ ಚೀಲ, ಚಪ್ಪಲಿಗೆ ಹೊಳೆದಂಡೆಯ ಕರಿಮಣ್ಣು. ಅಂಕಲಿ ಹತ್ತಿರ ಕೃಷ್ಣೆಯ ದಂಡೆಯ ಊರು, ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಹೊಲ. ಕಾಕಾ ಅವಳಿಗೆ ಸ್ಟೂಲು ಸರಿಸಿ, "ಇವನ ನೋಡವಾ, ನಿಮ್ಮವ್ವನ ಫೋಟೋ ಈತನ ಕೈಯಾಗ ಐತಿ" ಎಂದರು.

ಅವಳು ಕೂರಲಿಲ್ಲ. ನಿಂತೇ ಹೇಳಿದಳು.

"ನಮ್ಮವ್ವಂದು ಅದೊಂದ ಫೋಟೋ ಇತ್ರಿ ಸರ. ಹೊಳಿಗಿ ಮಹಾಪೂರ ಬಂದಾಗ ನಮ್ಮನ್ನೆಲ್ಲಾ ಸಾಲಿಗಿ ಕರಕೊಂಡ ಹೋಗಿ ಇಟ್ರು. ಕುರಿ ಹೊಡಕೊಂಡ ಹ್ವಾದ್ವಿ, ಕಾಳ ಒಯ್ದ್ವಿ, ಫೋಟೋ ಗ್ವಾಡಿ ಮ್ಯಾಲ ಉಳೀತ್ರಿ. ತಿರಗಿ ಬರೂದ್ರಾಗ ಗ್ವಾಡೀನ ಇರ್ಲಿಲ್ಲ. ನಾ ಆರ ವರ್ಷದಾಕಿ ಇದ್ದಾಗ ಅವ್ವ ಹ್ವಾದ್ಲು. ಅಕೀ ಮಾರಿ ನನಗ ನೆನಪಿಲ್ರಿ, ಫೋಟೋದಾಗಿಂದ ನೆನಪೈತಿ. ಈಗ ಅದೂ ಮಸಕ ಆಗಾಕತ್ತೇತ್ರಿ."

ಸ್ಟುಡಿಯೋದವರು ಹಳೆಯ ಫೋಟೋಗಳನ್ನೂ ಇಟ್ಟುಕೊಂಡಿರುತ್ತಾರೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಹೋದ ತಿಂಗಳು ನಾದಿನಿಯ ಮದುವೆಯ ಆಲ್ಬಮ್ ಒಯ್ಯಲು ಬಂದಾಗ ಕಾಕಾ ಮಾತಿಗೆ ಹೇಳಿದ್ದರಂತೆ. ಅಂದೇ ತೆಗೆದು ಕೊಡಬಹುದಿತ್ತು, ಆದರೆ ಮದುವೆಯ ಸೀಜನ್, ಅಂಗಡಿಯಲ್ಲಿ ಗದ್ದಲ. ಮುಂದಿನ ತಿಂಗಳು ಬಾ ಎಂದು ಕಳಿಸಿದ್ದರು. ಅವಳು ಸರಿಯಾಗಿ ಬಂದಿದ್ದಳು, ನಾನು ಬಂದಿರಲಿಲ್ಲ.

"ಹೆಂಗ ಇದ್ರು ನಿಮ್ಮವ್ವ?" ಎಂದು ಕೇಳಿದೆ. ಹುಡುಕುವುದಕ್ಕೆ ಗುರುತು ಬೇಕಲ್ಲ.

"ದೊಡ್ಡ ಕಣ್ಣ ರೀ. ಮನ್ಯಾಗ ಎಲ್ಲಿ ನಿಂತ್ರೂ ನನ್ನ ಕಡೇನ ನೋಡ್ತಿದ್ಲು."

"ಸಿಗತೈತಿ ತಂಗಿ. ನಾ ಹುಡಿಕಿ ಕೊಡ್ತೀನಿ."

ನನ್ನಿಂದ ಯಾರೂ ಮಾತು ಕೇಳಿರಲಿಲ್ಲ. ತಪ್ಪು ಮಾಡಿದವನಿಗೆ ಮಾತು ಕೊಡುವ ಚಪಲ ಜಾಸ್ತಿ.

ಡಿಸ್ಕುಗಳನ್ನು ಚಿಕ್ಕೋಡಿಗೆ ತಂದೆ. ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಪ್ರತಿ ಡಿಸ್ಕಿನ ಪೂರ್ತಿ ನಕಲು ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ಮೂಲವನ್ನು ಎತ್ತಿಟ್ಟು, ರಿಪೇರಿಯನ್ನೆಲ್ಲ ನಕಲಿನ ಮೇಲೆ ಮಾಡಬೇಕು. ಕೈ ತಪ್ಪಿದರೆ ನಕಲು ಕೆಡುತ್ತದೆ, ಮೂಲ ಉಳಿಯುತ್ತದೆ. ಇದನ್ನು ನಾನೇ ಎಷ್ಟೋ ಜನರಿಗೆ ಕಲಿಸಿದ್ದೇನೆ. ಆದರೆ ಅಷ್ಟು ದೊಡ್ಡ ಡಿಸ್ಕುಗಳು ಬೆಳಗಾವಿಯಿಂದ ಬರಬೇಕಿತ್ತು, ಮೂರು ನಾಲ್ಕು ದಿನದ ಮಾತು. ಕಾಕಾನಿಗೆ ಆಲ್ಬಮ್‌ಗಳ ಅವಸರ. ನನಗೆ ಅದಕ್ಕಿಂತ ಹೆಚ್ಚಿನ ಅವಸರ, ಬೇಗ ಸರಿಮಾಡಿ ಕೊಟ್ಟರೆ ಎರಡು ತಿಂಗಳ ಲೆಕ್ಕ ಮುಚ್ಚಿಹೋಗುತ್ತದೆ ಎಂದು. ಮೂಲದ ಮೇಲೆಯೇ ಕೈ ಹಾಕಿದೆ.

ಮೊದಲು ಸತ್ತ ಡಿಸ್ಕ್ ಏನೂ ಕೊಡಲಿಲ್ಲ. ಎರಡನೆಯದು ನಿಂತು ನಿಂತು ಓಡಿತು. ಅದನ್ನು ಹೇಗೋ ಎಬ್ಬಿಸಿ, ಉಳಿದ ಎರಡರ ಜೊತೆ ಕೂಡಿಸಿ, ಸಿಕ್ಕದ್ದನ್ನೆಲ್ಲ ನನ್ನ ಒಂದು ಡಿಸ್ಕಿಗೆ ಎಳೆದುಕೊಂಡೆ. ಫೋಟೋಗಳು ಬಂದವು, ಹೆಸರುಗಳು ಬರಲಿಲ್ಲ. ಸದಲಗಾ, ಅಕ್ಕೋಳ, ಅಂಕಲಿ ಎಂದು ಊರೂರಿಗೆ ಮಾಡಿದ್ದ ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಅಂಕಿಗಳಾಗಿದ್ದವು. ಕಾಕಾ ತಿದ್ದಿ ಮುಗಿಸಿದ ದೊಡ್ಡ ಫೋಟೋಗಳು ಬಹುಪಾಲು ಹಾಳಾಗಿದ್ದವು, ಮೇಲೆ ನಾಲ್ಕು ಬೆರಳು ಚಿತ್ರ, ಕೆಳಗೆ ಬೂದಿ ಬಣ್ಣ. ಕ್ಯಾಮೆರಾದಿಂದ ನೇರ ಬಂದ ಸಣ್ಣವು ಮಾತ್ರ ಚೆನ್ನಾಗಿದ್ದವು.

ಅಷ್ಟು ಮುಖಗಳನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ಸದಲಗಾದ ಮದುವೆಗಳನ್ನು ಮಹಾರಾಷ್ಟ್ರದ ಗಡಿಯಾಚೆಯಿಂದ ಬಂದ ಬೀಗರ ಕೊಲ್ಹಾಪುರಿ ಫೇಟಾ ನೋಡಿಯೇ ಗುರುತಿಸಬಹುದಿತ್ತು. ಒಂದೇ ಚಪ್ಪರದಲ್ಲಿ ಒಂದು ಬ್ಯಾನರು ಕನ್ನಡದಲ್ಲಿ, ಇನ್ನೊಂದು ಮರಾಠಿಯಲ್ಲಿ. ದ್ರಾಕ್ಷಿಯವರ ಮನೆಯ ಹೆಣ್ಣುಮಕ್ಕಳ ಕೊರಳ ತುಂಬ ಚಿನ್ನ, ಕುರಿಯವರ ಹೆಗಲ ತುಂಬ ಕಂಬಳಿ. ಒಂದು ಕಡೆ ಹೋರಿಯ ಹುಟ್ಟುಹಬ್ಬ, ಮುಂದೆ ಕೇಕು, ಹೋರಿಗಿಂತ ಮಾಲೀಕನ ಮುಖದಲ್ಲೇ ಹೆಚ್ಚು ಗತ್ತು. ಇವುಗಳ ನಡುವೆ ನಾನು ದೊಡ್ಡ ಕಣ್ಣಿನ ಒಬ್ಬ ಹೆಂಗಸನ್ನು ಹುಡುಕುತ್ತಿದ್ದೆ.

ಆಗ ಕಾಕಾ ಎರಡು ಸಲ ಫೋನ್ ಮಾಡಿದರು. "ಆ ಹುಡಿಗಿ ಫೋಟೋದ್ದು ಒಂದ ಮಾತ ಹೇಳೂದೈತಿ ತಮ್ಮಾ."

"ಬಂದಮ್ಯಾಲ ಹೇಳ್ರಿ ಕಾಕಾ, ಗಡಿಬಿಡ್ಯಾಗ ಅದೀನಿ."

ಎರಡು ಸಲವೂ ಇದನ್ನೇ ಹೇಳಿದೆ. ಅವರ ಮಾತು ಶುರುವಾದರೆ ಮುಗಿಯುವುದಿಲ್ಲ ಎಂಬ ತಾತ್ಸಾರ ನನಗೆ.

ಮರುದಿನ ಮಧ್ಯಾಹ್ನ ನನ್ನ ಡಿಸ್ಕ್ ತುಂಬಿತು. ಇನ್ನೂ ಎಳೆಯುವುದು ಬಾಕಿಯಿತ್ತು. ಜಾಗ ಮಾಡಬೇಕು. ಫೋಟೋಗಳನ್ನು ವಿಂಗಡಿಸುವ ಒಂದು ಪ್ರೋಗ್ರಾಂ ನನ್ನಲ್ಲಿತ್ತು, ಕಣ್ಣು ಮುಚ್ಚಿದವರ ಫೋಟೋಗಳನ್ನು ಅದು ಒಂದು ಕಡೆ ರಾಶಿ ಹಾಕುತ್ತದೆ. ಸ್ಟುಡಿಯೋಗಳಲ್ಲಿ ಕಣ್ಣು ಮುಚ್ಚಿದ ಫೋಟೋ ಎಂದರೆ ಕಸ. ಕ್ಯಾಮೆರಾದವನು ಒಂದೇ ಗುಂಪನ್ನು ನಾಲ್ಕು ಸಲ ಹೊಡೆಯುವುದೇ ಅದಕ್ಕೆ. ಆ ರಾಶಿಯನ್ನು ಅಳಿಸಿದರೆ ಬೇಕಾದಷ್ಟು ಜಾಗ ಸಿಗುತ್ತಿತ್ತು.

ಅಳಿಸುವ ಮೊದಲು ಸುಮ್ಮನೆ ಓಡಿಸಿ ನೋಡಿದೆ. ಅಕ್ಷತೆ ಬಿದ್ದಾಗ ಕಣ್ಣು ಮುಚ್ಚಿದ ಮದುಮಗ, ಊಟದ ಪಂಕ್ತಿಯಲ್ಲಿ ಕಣ್ಣು ಮುಚ್ಚಿ ಜಿಲೇಬಿ ಕಡಿಯುತ್ತಿದ್ದ ಹಿರಿಯರು, ತೊಟ್ಟಿಲಲ್ಲಿ ಮಲಗಿದ ಕೂಸುಗಳು. ನಡುವೆ ಒಬ್ಬ ಮದುಮಗಳು ಬಂದಳು. ಹೊಸ ಸೀರೆ, ಕೈತುಂಬ ಹಸಿರು ಬಳೆ, ಕೊರಳಲ್ಲಿ ಹಾರ, ಹಣೆಯ ತುಂಬ ಕುಂಕುಮ. ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದ್ದಳು. ಪಾಪ, ಮದುವೆಯ ದಣಿವಿಗೆ ತೂಕಡಿಸಿದ್ದಾಳೆ ಎಂದುಕೊಂಡು ನಕ್ಕೆ. ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ನಗುತ್ತಲೇ ಇಡೀ ರಾಶಿಯನ್ನು ಅಳಿಸಿದೆ.

ಆ ಜಾಗದ ಮೇಲೆ ಉಳಿದ ಫೋಟೋಗಳು ಬಂದು ಕೂತವು. ಎಲ್ಲ ಮುಗಿದ ಮೇಲೆ ಸರ್ವರಿನ ಚೆನ್ನಾಗಿದ್ದ ಎರಡು ಡಿಸ್ಕುಗಳನ್ನು ಒರೆಸಿ ಹಾಕಿ, ಬೆಳಗಾವಿಯಿಂದ ತರಿಸಿದ ಹೊಸ ಎರಡನ್ನು ಕೂಡಿಸಿ, ಹೊಸದಾಗಿ ಕಟ್ಟಿ, ಫೋಟೋಗಳನ್ನು ತುಂಬಿ ನಿಪ್ಪಾಣಿಗೆ ಒಯ್ದೆ. ಡಬ್ಬಿಯ ನಾಲ್ಕೂ ದೀಪಗಳು ಹಸಿರಾಗಿದ್ದವು. ಶಾಭಾಷ್ ಅನ್ನಿಸಿಕೊಳ್ಳುವ ಆಸೆಯೂ ಇತ್ತು ನನಗೆ.

ಕಾಕಾ ಕನ್ನಡಕ ಏರಿಸಿ ಕೂತರು. ಹತ್ತು ನಿಮಿಷ ನೋಡಿದವರೇ ಕೇಳಿದರು: "ಕಣ್ಣ ಮುಚ್ಚಿದ್ವು ಎಲ್ಲಿ ಅದಾವು?"

"ಯಾಕ್ರಿ?"

"ಆ ಹುಡಿಗಿ ಅವ್ವಂದು ಅದರಾಗ ಇರತೈತಿ. ಅದನ್ನ ಹೇಳಾಕ ಫೋನ್ ಮಾಡಿದ್ದೆ."

ನಮ್ಮ ಕಡೆ ಬಹಳ ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಗಂಡ ಇರುವಾಗಲೇ ಹೋದ ಹೆಣ್ಣುಮಗಳನ್ನಂತೂ ಮದುಮಗಳ ಹಾಗೇ ಸಿಂಗರಿಸುತ್ತಾರೆ, ಉಡಿ ತುಂಬುತ್ತಾರೆ. ಇದು ನನಗೆ ಗೊತ್ತಿಲ್ಲದ ಪದ್ಧತಿಯಲ್ಲ. ನನ್ನ ಸ್ವಂತ ದೊಡ್ಡಮ್ಮನನ್ನು ಹಾಗೆಯೇ ಕೂರಿಸಿದ್ದರು, ನಾನೇ ಹಾರ ಹಾಕಿದ್ದೆ. ಅಲ್ಲಿಯವರೆಗೆ ಒಂದೂ ಫೋಟೋ ತೆಗೆಸದ ಜನ ಆ ದಿನ ಸ್ಟುಡಿಯೋದವರನ್ನು ಕರೆಸುತ್ತಿದ್ದರು. ವರ್ಷವಿಡೀ ಕುರಿಯ ಹಿಂದೆ ತಿರುಗುವ ಮಂದಿ ಬದುಕಿದ್ದಾಗ ಸ್ಟುಡಿಯೋಕ್ಕೆ ಬರುವುದು ಎಲ್ಲಿಂದ?

"ಆವಾಗ ಈ ಮೊಬೈಲ್ ಎಲ್ಲಿದ್ವು?" ಎಂದರು ಕಾಕಾ. "ಹೊಸಾ ಡಿಜಿಟಲ್ ಕ್ಯಾಮೆರಾ ತಗೊಂಡಿದ್ದೆ, ಗಾಡಿ ಮ್ಯಾಲ ಹ್ವಾದೆ. ಮದಲಗಿತ್ತಿ ಕುಂತಂಗ ಕುಂತಿದ್ಲು. ನಾ ಹೊಡದದ್ದು ಮೂರ ಫೋಟೋ, ಮೂರೂ ಕಣ್ಣ ಮುಚ್ಚಿದ್ವು. ಸತ್ತಾಕಿ ಕಣ್ಣ ಹೆಂಗ ತೆರಿತಾಳ? ಮನಿಯವರು ಕಣ್ಣ ತೆರಸಿ ಕೊಡ್ರಿ ಅಂದ್ರು."

ಕಣ್ಣು ತೆರೆಸುವುದು ಹಳೆಯ ಸ್ಟುಡಿಯೋದವರ ವಿದ್ಯೆ. ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆದು ಅಥವಾ ಬೇರೆ ಫೋಟೋದಿಂದ ತಂದು ಕೂರಿಸಿ, ಸತ್ತವರನ್ನು ನೋಡುವಂತೆ ಮಾಡುತ್ತಾರೆ. ಹಸಿರು ಬಳೆಯ ಆ ಮದುಮಗಳು ನನಗೆ ಆಗಲೇ ನೆನಪಾಗಿದ್ದಳು. ಕಾಕಾ ತಮ್ಮ ಪಾಡಿಗೆ ಹೇಳುತ್ತಲೇ ಇದ್ದರು.

"ಯಾರ ಕಣ್ಣ ಹಚ್ಚೂದು? ಅವರತ್ತಿ ತೊಡಿ ಮ್ಯಾಲ ಈ ಹುಡಿಗಿ ಕುಂತಿತ್ತು. ಅಳತಿರ್ಲಿಲ್ಲ, ನನ್ನನ್ನ ಪಿಳಿಪಿಳಿ ನೋಡ್ತಿತ್ತು. ಅದರದ ಒಂದ ಫೋಟೋ ಹೊಡಕೊಂಡ ಬಂದೆ. ಮಗಳ ಕಣ್ಣ ತಗದು ಅವ್ವಗ ಹಚ್ಚಿದೆ. ಬರೋಬ್ಬರಿ ಅಕೀ ಕಣ್ಣ ಅಂತ ಮನಿಯವರೆಲ್ಲಾ ಅತ್ರು. ಹುಡಿಗಿಗಿ ಮಾತ್ರ ಹೇಳಿಲ್ಲ."

ಅವಳು ಇಷ್ಟು ವರ್ಷ ನೋಡುತ್ತಿದ್ದದ್ದು ತನ್ನದೇ ಕಣ್ಣುಗಳನ್ನು. ಎಲ್ಲಿ ನಿಂತರೂ ತನ್ನನ್ನೇ ನೋಡುತ್ತಿದ್ದಳು ಎಂದು ಅವಳು ಹೇಳಿದ್ದನ್ನು ನೆನೆದು ನನಗೆ ಕಾಕಾನ ಕಡೆ ನೋಡಲಾಗಲಿಲ್ಲ.

ಮಗುವಿನ ಫೋಟೋ ಸಿಕ್ಕಿತು. ಬಾಚದ ತಲೆ, ಹರಿದ ಲಂಗ, ಎರಡು ದೊಡ್ಡ ಕಣ್ಣುಗಳು. ಚೂರೂ ಕೆಟ್ಟಿರಲಿಲ್ಲ. ತಿದ್ದಿ ಮುಗಿಸಿದ ದೊಡ್ಡ ಫೋಟೋ ಕೂಡ ಸಿಕ್ಕಿತು, ಆದರೆ ಸುಣ್ಣದ ಗೋಡೆ ಮತ್ತು ಬೈತಲೆಯವರೆಗೆ ಮಾತ್ರ. ಕೆಳಗೆ ಬೂದಿ. ಮೂಲದ ಆ ಮೂರು ಫೋಟೋಗಳಿಗಾಗಿ ಕಾಕಾ ಮಧ್ಯಾಹ್ನವೆಲ್ಲ ಒಂದೊಂದೇ ಸರಿಸುತ್ತ ಹುಡುಕಿದರು. ನಾನು ಪಕ್ಕದಲ್ಲಿ ಕೂತು, ಇಲ್ಲದ್ದನ್ನು ಹುಡುಕುವ ಮುದುಕನನ್ನು ನೋಡಿದೆ. ಅವರು ಕಣ್ಣೊರೆಸಿಕೊಂಡು ಚಹಾ ಕುಡಿದು ಮತ್ತೆ ಕೂತರು.

"ಅವು ಹಾಳಾಗ್ಯಾವ ಅಂತ ಕಾಣಸತೈತ್ರಿ ಕಾಕಾ," ಎಂದೆ ಕೊನೆಗೆ. "ಡಿಸ್ಕಿನ್ಯಾಗನ ಉಳದಿಲ್ಲ."

ಹೀಗೆ ಹೇಳಿದೆ. ಉಳಿದಿದ್ದವು, ನಾನು ಅಳಿಸಿದೆ ಎನ್ನಲು ಬಾಯಿ ಬರಲಿಲ್ಲ. ನಾಲಗೆ ಎರಡನೆಯ ಸುಳ್ಳಿಗೆ ಮೊದಲನೆಯದಕ್ಕಿಂತ ಬೇಗ ಹೊರಳಿತು.

ಚಿಕ್ಕೋಡಿಗೆ ಬಂದು ನನ್ನ ಡಿಸ್ಕನ್ನು ಎರಡು ದಿನ ಜಾಲಾಡಿದೆ. ಅಳಿಸಿದ್ದರ ಮೇಲೆ ಬೇರೆ ಫೋಟೋ ಬಂದು ಕೂತಿದ್ದರೆ ಏನೂ ಮಾಡಲಾಗುವುದಿಲ್ಲ, ಅದು ನನಗೆ ಗೊತ್ತು. ಗೊತ್ತಿದ್ದೂ ಮಾಡಿದೆ. ಸರ್ವರಿನ ಎರಡು ಡಿಸ್ಕುಗಳನ್ನು ನಾನೇ ಒರೆಸಿದ್ದೆ. ಉಳಿದದ್ದು ಸೀಡಿಗಳು.

ಅಥಣಿ ಕಡೆಯ ಆ ತೋಟಕ್ಕೆ ಹೋದಾಗ ಬಿಸಿಲು ಸುಡುತ್ತಿತ್ತು. ದ್ರಾಕ್ಷಿ ಸಾಲುಗಳ ತಂತಿಗಳಿಗೆ ಸೀಡಿಗಳು ಇನ್ನೂ ತೂಗಾಡುತ್ತಿದ್ದವು. ಕಾಕಾನ ಬೀಗರು ನನ್ನನ್ನು ನೋಡಿ ನಕ್ಕರು.

"ಸೀಡಿ ಹುಡುಕಾಕ ಬಂದೀರೇನ್ರಿ? ಹಕ್ಕಿ ಈಗ ಅವಕ್ಕ ಹೆದರೂದಿಲ್ರಿ, ಅವುರ ಮ್ಯಾಲ ಕುಂತ ದ್ರಾಕ್ಷಿ ತಿಂತಾವು. ಎಲ್ಲಾ ಬಿಚಗೊಂಡ ಹೋಗ್ರಿ."

ಒಂದೊಂದಾಗಿ ಬಿಚ್ಚಿದೆ. ಕಾಕಾನ ದುಂಡನೆಯ ಅಕ್ಷರ ಮಳೆಗೆ ತೊಳೆದು ಹೋಗಿತ್ತು. ಬೆಳ್ಳಿಯಂಥ ಪೊರೆ ಸುಲಿದು ಬಂದಿತ್ತು, ಎತ್ತಿ ಹಿಡಿದರೆ ಆಚೆ ಬದಿಯ ಬಳ್ಳಿ ಕಾಣುತ್ತಿತ್ತು. ಆದರೂ ಒಂದು ಚೀಲ ತುಂಬ ತಂದು, ಒರೆಸಿ, ಒಂದೊಂದನ್ನೇ ಯಂತ್ರಕ್ಕೆ ಹಾಕಿದೆ. ಒಂದೂ ಓದಲಿಲ್ಲ. ಯಾಕೆ ಇಷ್ಟು ಮುಖ ಸಣ್ಣ ಮಾಡಿಕೊಂಡಿದ್ದೀರಿ ಎಂದು ಹೆಂಡತಿ ಕೇಳಿದಳು. ಅವಳಿಗೂ ಹೇಳಲಿಲ್ಲ.

ಕಾಕಾ ಮಾತ್ರ ಕೈಕಟ್ಟಿ ಕೂರಲಿಲ್ಲ. ಅವರ ಬಳಿ ಗೋಡೆ ಇತ್ತು, ಬೈತಲೆ ಇತ್ತು, ಮಗುವಿನ ಕಣ್ಣುಗಳಿದ್ದವು. ಮುಖ ಇರಲಿಲ್ಲ. ಅದನ್ನು ನೆನಪಿನಿಂದ ಬರೆಯಲು ಶುರುಮಾಡಿದರು. ಹದಿನೆಂಟು ಹತ್ತೊಂಬತ್ತು ವರ್ಷದ ಹಿಂದೆ ಒಂದು ತಾಸು ನೋಡಿದ ಮುಖ. ನಡುವೆ ಒಂದು ದಿನ ಹೆಣ್ಣುಮಗಳನ್ನೇ ಕರೆಸಿ ಎದುರು ಕೂರಿಸಿಕೊಂಡು, ಅವಳ ಗದ್ದ, ಕೆನ್ನೆಯ ಎಲುಬು ನೋಡಿ ಬರೆದರಂತೆ. ಹತ್ತು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮುಗಿದ ದಿನ ನನಗೆ ಫೋನ್ ಬಂತು: "ಅಕೀ ಬರಾಕತ್ತಾಳ, ನೀನೂ ಬಾ. ನೀನೂ ಭಾಳ ತ್ರಾಸ ತಗೊಂಡಿ."

ಹೋಗದೆ ಇರಬಹುದಿತ್ತು. ಹೋದೆ. ಇವತ್ತು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ.

ಮಧ್ಯಾಹ್ನ ಹನ್ನೆರಡರ ಹೊತ್ತು. ಅವಳು ಅದೇ ಬಟ್ಟೆಯ ಚೀಲ ಹಿಡಿದು ಬಂದಿದ್ದಳು. ಕಾಕಾ ಫ್ರೇಮನ್ನು ಮೇಜಿನ ಮೇಲೆ ನಿಲ್ಲಿಸಿ, ಅವಳಿಗೆ ಸುಳ್ಳು ಹೇಳಲಿಲ್ಲ.

"ಹಳೇದು ಸಿಗಲಿಲ್ಲ ನೋಡವಾ. ಇದು ನಾ ನೆನಪಿನ ಮ್ಯಾಲ ಮಾಡಿದ್ದು. ಹೌದ ಅನಿಸಿದ್ರ ಒಯ್ಯಿ, ಅಲ್ಲ ಅನಿಸಿದ್ರ ಬಿಡು. ನನಗೇನ ಬ್ಯಾಸರ ಇಲ್ಲ."

ಅವಳು ಫ್ರೇಮಿನ ಮುಂದೆ ಬಹಳ ಹೊತ್ತು ನಿಂತಳು. ಒಮ್ಮೆ ಹತ್ತಿರ ಹೋದಳು, ಒಮ್ಮೆ ಬಾಗಿಲವರೆಗೆ ಹಿಂದೆ ಸರಿದು ನೋಡಿದಳು.

"ಕಣ್ಣ ಹೌದ್ರಿ," ಎಂದಳು. "ಮಾರಿ… ಒಮ್ಮೆ ಹೌದ ಅನಸತೈತ್ರಿ, ಒಮ್ಮೆ ಅಲ್ಲ ಅನಸತೈತಿ. ನನಗ ತಿಳಿವಲ್ದು. ಮರತೇನೇನ್ರಿ ನಾ ನಮ್ಮವ್ವನ್ನ?"

ಅವಳು ನನ್ನ ಕಡೆ ತಿರುಗಿದಳು.

"ಸರ, ಮಷೀನಿನಾಗಿನ ಮಾರಿ ಎಲ್ಲಾ ನೀವು ನೋಡೀರಂತಲ್ರಿ, ಈ ಸ್ಟುಡಿಯೋ ಮಾಮಾರು ಹೇಳಿದ್ರು. ಹಾಳಾಗೂ ಮದಲ ನಮ್ಮವ್ವ ನಿಮಗೇನರ ಕಂಡಿದ್ಲೇನ್ರಿ? ಹಿಂಗ ಇದ್ಲೇನ್ರಿ?"

ಕಾಕಾನೂ ನನ್ನನ್ನೇ ನೋಡಿದರು.

ಕಂಡಿದ್ದಳು. ಈ ಭೂಮಿಯ ಮೇಲೆ ಆ ಮುಖವನ್ನು ಕೊನೆಯದಾಗಿ ನೋಡಿದವನು ನಾನು. ಮಿಸಳ್ ಹೋಟೆಲಿನ ಮಾಣಿಯ ಮುಖವನ್ನು ಇವತ್ತು ಬೇಕಾದರೂ ಹೇಳಬಲ್ಲೆ, ಈ ಮುಖವನ್ನು ಹೇಳಲಾರೆ. ನೆನಪಿಸಿಕೊಳ್ಳಲು ನಿಂತಲ್ಲೇ ಪ್ರಯತ್ನಪಟ್ಟೆ. ಹಾರ ಬಂತು, ಹಸಿರು ಬಳೆ ಬಂದವು, ಹಣೆಯ ಕುಂಕುಮ ಬಂತು. ಮುಖ ಇರಬೇಕಾದ ಜಾಗದಲ್ಲಿ ನಾನು ನಕ್ಕದ್ದು ಮಾತ್ರ ಇತ್ತು. ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳು ಗಂಟಲವರೆಗೆ ಬಂದಿದ್ದವು. ನಾನು ಅಳಿಸಿದೆ ಎಂದರೆ ಎದುರಿಗಿರುವ ಈ ಫೋಟೋವನ್ನೂ ಅವಳಿಂದ ಕಿತ್ತುಕೊಂಡ ಹಾಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅವಳ ಮೇಲಿನ ಕರುಣೆಯಲ್ಲ, ನನ್ನ ಹೆದರಿಕೆ.

"ಹೌದ ತಂಗಿ," ಎಂದೆ. "ನಾ ನೋಡಿದ್ದೆ. ಹಿಂಗ ಇದ್ರು."

ಅವಳ ಭುಜ ಸಡಿಲವಾಯಿತು. ಫ್ರೇಮನ್ನು ಎತ್ತಿ ಎದೆಗೆ ಒತ್ತಿಕೊಂಡಳು, "ನಂದ ಮರವು ನೋಡ್ರಿ" ಎಂದು ಅಳುತ್ತಲೇ ನಕ್ಕಳು. ಆಮೇಲೆ ಫ್ರೇಮನ್ನು ಕಾಕಾನ ಕೈಗೆ ಕೊಟ್ಟು, ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.